ಹತ್ತನೆಯ ಹೆಜ್ಜೆ

ಪರದೆಯ ಮೇಲೆ ಯಾರೋ ಮೆಟ್ಟಿಲಿಳಿಯುತ್ತಿದ್ದಾರೆ, ಕಾಲು ಊರುತ್ತಿದೆ, ಸದ್ದು ಮಾತ್ರ ಇಲ್ಲ, ಪಿಟೀಲು, ಬರೀ ಪಿಟೀಲು, ಅದರ ತಲೆಯ ಮೇಲೆ ಡೋಲು — ಕಣ್ಣು ಮುಚ್ಚಿದರೆ ಕೇಳಿಸೀತೇನೋ ಎಂದು ಅವಳು ಮುಚ್ಚಿಯೇ ಕೂತಳು, ಪಕ್ಕದಲ್ಲಿ ನಾದಿನಿ ಪಾಪ್‌ಕಾರ್ನ್ ಕುರುಕುತ್ತಿದ್ದಾಳೆ, ಸಿನಿಮಾಕ್ಕೆ ಬಂದು ಕಣ್ಣು ಮುಚ್ಕೊಂಡು ಕೂತಿದ್ದೀರಲ್ಲ ಅತ್ತಿಗೆ, ನಿದ್ದೆನಾ, ಇಲ್ಲ ಕಣೇ ಕೇಳಿಸ್ಕೋತಾ ಇದೀನಿ, ಏನನ್ನ, ನಿಮ್ಮಣ್ಣನ್ನ. ಕುರುಕುವುದು ನಿಂತಿತು. ನಿಂತದ್ದೇ ಒಳ್ಳೆಯದಾಯಿತು, ಅಷ್ಟು ಅಡ್ಡ ಕಡಿಮೆ. ಇಪ್ಪತ್ತೆರಡು ವರ್ಷ ಸಿನಿಮಾದವರ ಕಾಲಿಗೆ ಸದ್ದು ಕೊಟ್ಟವರು ಅವಳ ಗಂಡ, ಕತ್ತಲ ಕೋಣೆಯಲ್ಲಿ ಪರದೆ ನೋಡುತ್ತ, ಮರಳಿನ ತಟ್ಟೆ, ಕಲ್ಲಿನ ಚಪ್ಪಡಿ, ಹಲಗೆ, ನಾಯಕನಿಗಾದರೆ ಬೂಟು ಮೆಟ್ಟಿ ತಾವೇ ನಡೆದು, ಹೆಂಗಸರಿಗಾದರೆ ಚಪ್ಪಲಿಯನ್ನು ಕೈಗೆ ತೊಟ್ಟು ಮಂಡಿಯೂರಿ ಹಲಗೆಗೆ ಬಡಿದು, ನಮ್ಮಣ್ಣ ಕೈಯಲ್ಲೇ ನಡೆದು ಸಂಸಾರ ಸಾಗಿಸ್ದ ಎಂದು ಇದೇ ನಾದಿನಿ ನೆಂಟರ ನಡುವೆ ನಗಿಸುತ್ತಿದ್ದಳು, ಅವರೂ ನಗುತ್ತಿದ್ದರು, ಬಾಯಿ ತೆರೆಯದೆ. ಮಾತು ಕಡಿಮೆಯ ಮನುಷ್ಯ. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿಯೇ ಇವತ್ತು ಕೋಪವೋ ಹಸಿವೋ ಎಂದು ಅವಳು ತಿಳಿಯುತ್ತಿದ್ದಳು, ಅವರು ಹೋಗಿ ಈಗ ನಾಲ್ಕು ತಿಂಗಳು, ಮುಖ ಗೋಡೆಯ ಮೇಲಿದೆ, ಹೆಜ್ಜೆ ಎಲ್ಲೂ ಇಲ್ಲ, ಮೊನ್ನೆ ನೆನೆಸಿಕೊಳ್ಳಲು ಕೂತರೆ ಬರಲಿಲ್ಲ, ದೇವರೇ, ಬರಲೇ ಇಲ್ಲ — ಅದಕ್ಕೇ ಬಂದದ್ದು, ಇದು ಅವರ ಕಡೆಯ ಸಿನಿಮಾ, ಒಂದು ಸಲ ಕೇಳಿಸಿದರೆ ಸಾಕು, ಹಿಡಿದುಕೊಂಡುಬಿಡುತ್ತೇನೆ, ಅಪ್ಪ ಬೆಳಗಿನಲ್ಲಿ ಓದುತ್ತಿದ್ದ ಪದ್ಯಗಳನ್ನು ಹಾಗೆ ತಾನೇ ಹಿಡಿದದ್ದು, ಅಕ್ಷರ ಬರುವ ಮೊದಲೇ, ಸಾಲಿನ ತುದಿಯಲ್ಲಿ ಅಪ್ಪ ಉಸಿರು ಕಟ್ಟಿ ನಿಲ್ಲುತ್ತಿದ್ದರು, ಮುಂದಿನ ಸಾಲು ಬಂದೇ ಬರುತ್ತದೆಂದು ಎದೆಗೆ ಗೊತ್ತಿರುತ್ತಿತ್ತು.

ಬರಲಿಲ್ಲ. ಮೊದಲರ್ಧವೆಲ್ಲ ಹಾಡು, ಹೊಡೆದಾಟ, ನಾಯಕ ಬೂಟು ಕುಟ್ಟಿದಾಗಲೆಲ್ಲ ಡೋಲು, ಇಂಟರ್‌ವಲ್‌ನಲ್ಲಿ ನಾದಿನಿ, ದರಿದ್ರ ಸಿನಿಮಾ ಅತ್ತಿಗೆ, ಒಂದು ಹೆಜ್ಜೆನೂ ಉಳಿಸಿಲ್ಲ ಕಳ್ರು, ಏಳಿ ಹೋಗೋಣ, ಇರೇ, ಕಡೇ ರೀಲು ಇದೆ. ಧ್ವನಿ ಕೂಡಿಸುವವನು ಮನೆಗೆ ಬಂದು ಹೇಳಿಹೋಗಿದ್ದ, ಕಡೇಲಿ ನಾಯಕಿ ನಡೆಯೋ ಜಾಗಕ್ಕೆ ಸಂಗೀತ ಹಾಕಿಲ್ಲಕ್ಕ, ಹಾಗೇ ಬಿಟ್ಟಿದೀವಿ, ಬದಲಾಯಿಸೋಕೆ ಕೈ ಬರ್ಲಿಲ್ಲ, ಹೇಳಿ ತಲೆ ತಗ್ಗಿಸಿದ, ಯಾಕೆ ತಗ್ಗಿಸಿದನೋ — ಪಿಟೀಲು ನಿಂತಿತು. ಕಣ್ಣು ತೆರೆಯಬಾರದು. ಟಕ್, ಕಿಣ್. ಟಕ್, ಕಿಣ್. ಇದು ಅವರದಲ್ಲ. ಅವರದು ಭಾರ, ಇದು ಹೆಣ್ಣಿನದು, ಎಡಗಾಲು ಒಂದು ಚೂರು ತಡ, ಎಡಗಾಲಿಗೇ ಆ ಕಿಣ್, ಅಟ್ಟೆ ಬಿಟ್ಟಾಗ ಹೊಡೆದ ಮೊಳೆ, ಅವಳೇ ಹೊಡೆದ ಮೊಳೆ, ಆ ಕಡೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ, ಫೋನಿನಲ್ಲಿ ಕೂಗಾಡಿದ್ದಳು, ಲೋಕದಲ್ಲಿ ಬೇರೆ ಚಪ್ಪಲಿ ಇಲ್ವೇನ್ರೀ, ನಂದೇ ಬೇಕಿತ್ತಾ, ನಾನೇನು ಬರಿಗಾಲಲ್ಲಿ ಹೋಗ್ಲಾ, ಸಂಜೆ ತಂದ್ಕೊಡ್ತೀನಿ ಕಣೇ, ಇವತ್ತೊಂದು ಹೆಣ್ಣಿನ ನಡಿಗೆ ಇದೆ, ತಂದುಕೊಡುವುದು ಬೇಡ ಹೋಗಿ ಎಂದು ಅವಳೇ ಫೋನಿಟ್ಟದ್ದು. ಸಂಜೆ ಅವರನ್ನೇ ತಂದರು. ನಾಲ್ಕು, ಐದು. ಅವರನ್ನು ಕೇಳಲು ಬಂದರೆ ಇಲ್ಲಿ ನಾನೇ ನಡೆಯುತ್ತಿದ್ದೇನೆ, ಅವರ ಕೈಯಲ್ಲಿ, ಆ ತಡವನ್ನೂ ಬಿಡದೆ, ಹಾಗಾದರೆ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಗಿಲಿಗೆ, ಇಷ್ಟು ವರ್ಷ ಮಾತಾಡದೆ ಕೂತವರು ಇದನ್ನೇ ಕೇಳುತ್ತಿದ್ದರೇ, ಏಳು, ಎಂಟು, ಒಂಬತ್ತು —

ಉಸಿರು ಕಟ್ಟಿ ಕಾದಳು. ಮುಂದಿನದು ಬರಲಿಲ್ಲ. ಹಿಂದಿನ ಸಾಲಿನಿಂದ ಸಿಳ್ಳೆ, ಸೌಂಡ್ ಎಲ್ರೋ, ಮಲಗಿಬಿಟ್ರಾ, ನಗು, ಅವಳು ಕಣ್ಣು ತೆರೆದಳು, ಪರದೆಯ ತುಂಬ ಎರಡು ಕಾಲು, ನಡೆಯುತ್ತಲೇ ಇವೆ, ಎಡಗಾಲು ಎತ್ತಿತು, ಊರಿತು, ಸದ್ದಿಲ್ಲ, ಬಲಗಾಲು ಎತ್ತಿತು, ಊರಿತು, ಸದ್ದಿಲ್ಲ, ಧ್ವನಿಯವನು ತಲೆ ತಗ್ಗಿಸಿದ್ದು ಇದಕ್ಕೆ, ಕೆಲಸ ಮಾಡ್ತಾ ಮಾಡ್ತಾನೇ ಹೋದ್ರು ಎಂದಿದ್ದರಲ್ಲ ಎಲ್ಲರೂ, ಎಲ್ಲಿ ಎಂದು ಯಾರೂ ಹೇಳಿರಲಿಲ್ಲ, ಇಲ್ಲಿ, ಈ ಒಂಬತ್ತರ ಮೇಲೆ, ಕೈಯಲ್ಲಿ ಅವಳ ಚಪ್ಪಲಿ, ಹತ್ತನೆಯದಕ್ಕೆ ಎತ್ತಿದ ಕೈ. ದೀಪ ಬಂತು. ಜನ ಬೈದುಕೊಂಡು ಏಳುತ್ತಿದ್ದಾರೆ, ಅಳ್ಬೇಡಿ ಅತ್ತಿಗೆ, ಅಳ್ತಿಲ್ಲ ಕಣೇ, ನಡಿ, ನಾದಿನಿ ಮುಂದೆ, ಅವಳು ಹಿಂದೆ, ಹೊಸ ರಬ್ಬರ್ ಚಪ್ಪಲಿ, ಬೆಕ್ಕಿನಷ್ಟೂ ಸದ್ದು ಮಾಡದ್ದು, ಟಕ್. ಕಿಣ್. ತಿರುಗಿ ನೋಡಿದಳು, ಹಿಂದೆ ಖಾಲಿ ಕುರ್ಚಿಗಳು, ಕಾಲಿಟ್ಟಲ್ಲೆಲ್ಲ ಟಕ್, ಕಿಣ್, ಎಡಗಾಲು ಒಂದು ಚೂರು ತಡ, ಎಣಿಸಬಾರದು, ಆರು, ಏಳು, ಹೊರಗೆ ಬಿಸಿಲು ಕಾಣುತ್ತಿದೆ, ಎಂಟು, ಬಾಗಿಲು ಇಲ್ಲೇ, ಒಂಬತ್ತು — ಯಾಕತ್ತಿಗೆ ನಿಂತ್ರಿ, ಕಾಲಿಡಿ, ಇಡುತ್ತೇನೆ, ಕೆಳಗೆ ನೆಲ, ಮೇಲೆ ಹತ್ತನೆಯದಕ್ಕೆ ಎತ್ತಿದ ಕಾಲು, ಎತ್ತಿದ ಕಾಲು.