ಐದನೆಯ ಕಾರಣ

ಪ್ರೂಫ್ ನೋಡುವವರಿಗೆ ಸಿಟ್ಟು ಬರಬಾರದು ಎಂಬುದು ನಮ್ಮ ಪ್ರೆಸ್ಸಿನ ಯಜಮಾನರ ಕಟ್ಟಪ್ಪಣೆ. ಅಕ್ಷರ ನಮ್ಮದು, ಅರ್ಥ ಲೇಖಕರದು. ಭೂಮಿ ಚೌಕಾಕಾರವಾಗಿದೆ ಎಂದು ಅವರು ಬರೆದರೂ ಚೌಕದ ಔತ್ವ ಸರಿಯಾಗಿ ಬಿದ್ದಿದೆಯೇ ಎಂದಷ್ಟೇ ನಾವು ನೋಡಬೇಕು. ಹದಿನೆಂಟು ವರ್ಷ ತುಟಿ ಬಿಚ್ಚದೆ ಪಾಲಿಸಿದೆ. ಹೋದ ತಿಂಗಳು ಮುರಿದೆ. ಅದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಲೇಖಕರ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪ್ರೂಫಿನ ಮೇಲೆ ಕೆಂಪು ಪೆನ್ನು ಆಡಿಸುತ್ತಾರೆ. ಓದುವುದೆಂದರೆ ಚಿಹ್ನೆಗಳನ್ನೂ ಬಿಡದೆ ಓದುವುದು: ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು. ಪೆನ್ನು ನನ್ನದು, ಓದು ನನ್ನ ಅಮ್ಮನದು. ಶಾಲೆಯಲ್ಲಿ ಪಾಠ ಹೇಳಿ ಪಳಗಿದ ಗಂಟಲು, ನಿವೃತ್ತಿಯ ನಂತರ ನನ್ನ ಎದುರಿನ ಕುರ್ಚಿಗೆ ಬಂತು. ಅಮ್ಮ ಬೈಯುವಾಗಲೂ ಕೊನೆಗೆ ಪೂರ್ಣವಿರಾಮ ಹೇಳ್ತಾಳೆ ಎಂದು ನನ್ನ ತಮ್ಮ ಗೇಲಿ ಮಾಡುತ್ತಾನೆ.

ಆ ತಮ್ಮನ ವಿಷಯ ಹೇಳಲೇಬೇಕು. ಅವನು ಬೀಗಕ್ಕೆ ಕೀಲಿ ಮಾಡುವವನು. ಒಂಬತ್ತು ವರ್ಷದ ಹಿಂದೆ, ತನ್ನ ತಲೆಗೇ ಯಾರೋ ನಕಲಿ ಕೀಲಿ ಮಾಡಿಸಿಕೊಂಡು ಒಳಗೆ ಬಂದು ಮಾತಾಡುತ್ತಿದ್ದಾರೆ ಎಂದು ಮನೆಯ ಬೀಗಗಳನ್ನೆಲ್ಲ ಬಿಚ್ಚಿ ನಡುಮನೆಯಲ್ಲಿ ಗುಡ್ಡೆ ಹಾಕಿದ. ಈಗ ಚೆನ್ನಾಗಿದ್ದಾನೆ. ಆದರೆ ಬೆಳಗ್ಗೆ ಎಂಟಕ್ಕೆ ಮಾತ್ರೆ ನುಂಗುವುದು ಅಮ್ಮನ ಅಂಗೈಯಿಂದ ಮಾತ್ರ. ಎರಡು ವರ್ಷದ ಹಿಂದೆ ಅಮ್ಮ ಹತ್ತು ದಿನ ಊರಲ್ಲಿರಲಿಲ್ಲ. ನಾನು ಕೊಟ್ಟ ಮಾತ್ರೆಗಳನ್ನೆಲ್ಲ ನಾಲಿಗೆಯಡಿ ಇಟ್ಟುಕೊಂಡು ಹೂಕುಂಡಕ್ಕೆ ಉಗುಳಿದ್ದ. ಹನ್ನೊಂದನೆಯ ದಿನ ಅವನನ್ನು ನೀರಿನ ಟ್ಯಾಂಕಿನಿಂದ ಕೆಳಗಿಳಿಸಲು ಮೂರು ಜನ ಬೇಕಾಯಿತು.

ಹೋದ ತಿಂಗಳು ನರ್ಸಿಂಗ್ ವಿದ್ಯಾರ್ಥಿಗಳ ಪಠ್ಯಪುಸ್ತಕ ಬಂತು. ಮೂರನೆಯ ಅಧ್ಯಾಯ, 'ಮಾನಸಿಕ ಅಸ್ವಸ್ಥತೆಗಳು: ವರ್ಗೀಕರಣ ಮತ್ತು ಕಾರಣಗಳು'. ಬರೆದ ಪ್ರೊಫೆಸರರು ಅಚ್ಚುಕಟ್ಟಿನ ಮನುಷ್ಯ. ಆತಂಕದ ಕಾಯಿಲೆಗಳು ಒಂದು ಕಡೆ, ಖಿನ್ನತೆ ಒಂದು ಕಡೆ, ವ್ಯಕ್ತಿತ್ವದ ದೋಷಗಳು ಒಂದು ಕಡೆ, ವಾಸ್ತವದ ಹಿಡಿತವೇ ತಪ್ಪುವ ಸ್ಕಿಜೋಫ್ರೇನಿಯಾ ಇನ್ನೊಂದು ಕಡೆ. ಓದುತ್ತಿದ್ದರೆ ಬಟ್ಟೆ ಅಂಗಡಿಯ ಕಪಾಟು ನೋಡಿದ ಹಾಗಿತ್ತು. ನಮ್ಮ ಮನೆಗೆ ಬಂದಾಗ ಅದು ಯಾವ ತಲೆಬರಹವನ್ನೂ ಹೊತ್ತು ಬರಲಿಲ್ಲ. ಮೊದಲು ನಿದ್ದೆ ಹೋಯಿತು, ಆಮೇಲೆ ನಗು ಹೋಯಿತು, ಆಮೇಲೆ ಬೀಗಗಳು ಹೋದವು.

ಅಮ್ಮ ಓದುತ್ತಿದ್ದಳು. "ಸ್ಕಿಜೋಫ್ರೇನಿಯಾದ ಕಾರಣಗಳು, ಹೊಸ ಸಾಲು. ಒಂದು, ಅನುವಂಶೀಯತೆ, ಪೂರ್ಣವಿರಾಮ. ಎರಡು, ಮಿದುಳಿನ ರಾಸಾಯನಿಕಗಳ ಏರುಪೇರು, ಪೂರ್ಣವಿರಾಮ. ಮೂರು, ಹೆರಿಗೆಯ ಸಮಯದ ತೊಡಕುಗಳು, ಪೂರ್ಣವಿರಾಮ. ನಾಲ್ಕು, ತೀವ್ರ ಒತ್ತಡ, ಪೂರ್ಣವಿರಾಮ. ಐದು..."

ಹಸ್ತಪ್ರತಿಯ ಮೇಲಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಆಮೇಲೆ ಅದೇ ಪಾಠದ ದನಿಯಲ್ಲಿ ಓದಿದಳು. "ಐದು, ತಾಯಿಯ ತಣ್ಣನೆಯ, ಅಲ್ಪವಿರಾಮ, ಪ್ರೀತಿಯಿಲ್ಲದ ನಡವಳಿಕೆಯೇ ಮಗುವನ್ನು ಈ ಕಾಯಿಲೆಗೆ ದೂಡುವ ಬಹುಮುಖ್ಯ ಕಾರಣ, ಪೂರ್ಣವಿರಾಮ."

ಅಕ್ಷರದೋಷ ಒಂದೂ ಇರಲಿಲ್ಲ. ನನ್ನ ಪೆನ್ನು ಮಾತ್ರ ಹಾಳೆಯಲ್ಲಿ ತೂತು ಮಾಡಿತ್ತು.

ಆ ಸಂಜೆ ಅಮ್ಮ ಅಟ್ಟದಿಂದ ಬ್ಯಾಗು ಇಳಿಸಿದಳು. ಭಾನುವಾರದ ಬಸ್ಸಿಗೆ ಟಿಕೆಟ್ಟನ್ನೂ ತಂದಿದ್ದಳು.

"ಎಲ್ಲಿಗೆ?"

"ನಿನ್ನ ದೊಡ್ಡಮ್ಮನ ಮನೆಗೆ."

"ಎಷ್ಟು ದಿನ?"

"ಅವನು ಪೂರ್ತಿ ಹುಷಾರಾಗೋ ತನಕ. ಕಾರಣ ಮನೇಲೇ ಕೂತಿದ್ರೆ ಕಾಯಿಲೆ ಹೇಗೆ ಹೋಗತ್ತೆ ಹೇಳು?"

"ನಿಂಗೇನು ತಲೆ ಕೆಟ್ಟಿದೆಯಾ? ನೀನು ಹೋದ್ರೆ ಅವನು ಮಾತ್ರೆ ತಗೊಳ್ಳಲ್ಲ!"

"ಪಠ್ಯಪುಸ್ತಕದಲ್ಲೇ ಇದೆ ಕಣೆ," ಎಂದಳು ಸೀರೆ ಮಡಚುತ್ತ.

ಎಷ್ಟೋ ಸಾವಿರ ಮಕ್ಕಳಿಗೆ ಪಠ್ಯಪುಸ್ತಕದಲ್ಲಿರುವುದೇ ಸರಿ ಎಂದು ಕಲಿಸಿದವಳು. ಈಗ ಅದೇ ಪಾಠವನ್ನು ತನ್ನ ಕುತ್ತಿಗೆಗೆ ಕಟ್ಟಿಕೊಂಡು ನಿಂತಿದ್ದಳು. ಕೂಗಾಡಿದೆ, ಅತ್ತುಬಿಟ್ಟೆ, ಬ್ಯಾಗನ್ನು ಕಾಲಿಂದ ಒದ್ದೆ. ಅಮ್ಮ ಬ್ಯಾಗನ್ನು ಎತ್ತಿ ನೇರ ಮಾಡಿ ಮತ್ತೆ ಸೀರೆ ತುಂಬಿದಳು. ತಮ್ಮ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದ.

ಮರುದಿನ ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಪ್ರೊಫೆಸರರ ಕಾಲೇಜಿಗೆ ನುಗ್ಗಿದೆ. ಯಜಮಾನರಿಗೆ ಹೇಳಲಿಲ್ಲ. ಪ್ರೊಫೆಸರರು ಸ್ಟಾಫ್ ರೂಮಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದರು. ಐದನೆಯ ಕಾರಣದ ಮೇಲೆ ಬೆರಳಿಟ್ಟು ಕೇಳಿದೆ.

"ಇದನ್ನ ಈಗ ಯಾರಾದ್ರೂ ಒಪ್ತಾರಾ ಸರ್?"

ಅವರು ಬಗ್ಗಿ ನೋಡಿದರು. "ಇದಾ? ಯಾರೂ ಒಪ್ಪಲ್ಲ. ಕೈಬಿಟ್ಟು ಎಷ್ಟೋ ದಶಕ ಆಯ್ತು."

"ಮತ್ತೆ ಯಾಕೆ ಬರೆದ್ರಿ?"

"ನಮ್ಮ ಮೇಷ್ಟ್ರ ನೋಟ್ಸಲ್ಲಿತ್ತು. ಪರೀಕ್ಷೇಲಿ ಐದು ಕಾರಣ ಬರೆಯಿರಿ ಅಂತ ಐದು ಅಂಕಕ್ಕೆ ಬರತ್ತಮ್ಮ. ನಾಲ್ಕೇ ಕೊಟ್ರೆ ಮಕ್ಕಳಿಗೆ ಒಂದು ಅಂಕ ಹೋಗಲ್ವಾ?"

ಒಂದು ಅಂಕ! ಒಂದು ಅಂಕ ತುಂಬಿಸಲು ಈ ಮನುಷ್ಯ ಸಿಕ್ಕಸಿಕ್ಕ ತಾಯಂದಿರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಈ ಪುಸ್ತಕ ಓದಿದ ನರ್ಸುಗಳು ನಾಳೆ ಆಸ್ಪತ್ರೆಯಲ್ಲಿ ಮಗನ ಕೈ ಹಿಡಿದು ಬಂದ ಒಬ್ಬೊಬ್ಬ ತಾಯಿಯನ್ನೂ ಮೇಲಿಂದ ಕೆಳಗೆ ನೋಡುತ್ತಾರೆ. ಬಾಯಿಗೆ ಬಂದಿದ್ದನ್ನೆಲ್ಲ ಅಂದೆ. ನನ್ನ ತಮ್ಮ, ನೀರಿನ ಟ್ಯಾಂಕು, ಭಾನುವಾರದ ಟಿಕೆಟ್ಟು, ಎಲ್ಲವನ್ನೂ ಹೇಳಿದೆ. ಇಡೀ ಸ್ಟಾಫ್ ರೂಮು ಕತ್ತು ತಿರುಗಿಸಿ ನೋಡಿತು. ಪ್ರೊಫೆಸರರ ಬಾಳೆಹಣ್ಣು ಕೈಯಲ್ಲೇ ಉಳಿಯಿತು.

ಕೊನೆಗೆ ಅವರು ಹಸ್ತಪ್ರತಿ ಎಳೆದುಕೊಂಡು ಆ ವಾಕ್ಯ ಹೊಡೆದುಹಾಕಿ, 'ಎಳೆಯ ವಯಸ್ಸಿನಲ್ಲಿ ಗಾಂಜಾ ಸೇವನೆ' ಎಂದು ಬರೆದರು. "ಇದು ಸಾಕ್ಷಿ ಇರೋ ಕಾರಣ. ಆಯ್ತಾ?"

"ಆಗ್ಲಿಲ್ಲ ಸರ್. ಮೊದಲಿನದು ಎರಡು ಸಾಲು ಇತ್ತು, ಇದು ಒಂದೇ ಸಾಲು. ಮುಂದಿನ ಪುಟಗಳ ಜೋಡಣೆ ಆಗಲೇ ಮುಗಿದಿದೆ. ಒಂದು ಸಾಲು ಖಾಲಿ ಬಿಡೋ ಹಾಗಿಲ್ಲ."

"ನೀವೇ ಏನಾದ್ರೂ ತುಂಬಿಸ್ಕೊಳ್ಳಿ. ಸಹಿ ಮಾಡ್ಕೊಡ್ತೀನಿ."

ಅಲ್ಲೇ ನಿಂತು ಅಕ್ಷರ ಎಣಿಸಿ ಬರೆದೆ. 'ತಾಯಿ ಇದಕ್ಕೆ ಕಾರಣಳಲ್ಲ. ಹಾಗೆಂದು ಹಿಂದೆ ಹೇಳಿದ್ದು ತಪ್ಪು.'

ಅವರು ಎರಡು ಸಲ ಓದಿದರು. "ಇದು ಪಠ್ಯಪುಸ್ತಕದ ಭಾಷೆ ಅಲ್ಲಮ್ಮ."

"ತಪ್ಪಿದೆಯಾ ಸರ್?"

ಅವರು ಸಹಿ ಹಾಕಿದರು. ಗೆದ್ದು ಬಂದೆ. ಆದರೆ ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಎಂಬುದು ನನಗೆ ಗೊತ್ತಿತ್ತು, ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ ಅಷ್ಟೆ.

ಶನಿವಾರ ತಿದ್ದಿದ ಪುಟದ ಪ್ರೂಫ್ ಬಂತು. ಅಮ್ಮ ಹಸ್ತಪ್ರತಿ ಹಿಡಿದು ಓದಿದಳು. ಹೊಸ ಐದನೆಯ ಕಾರಣ ಓದಿದಳು, ಪೂರ್ಣವಿರಾಮ. ನಂತರದ ಸಾಲಿಗೆ ಬಂದಾಗ ದನಿ ಬದಲಾಗಲಿಲ್ಲ. ಓದಿ ಮುಗಿಸಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಅಕ್ಷರ ನಿಂದು."

"ಸಹಿ ಅವರದು, ನೋಡು. ಈಗ ಪಠ್ಯಪುಸ್ತಕದಲ್ಲೇ ಇದೆ. ಟಿಕೆಟ್ ವಾಪಸ್ ಮಾಡು."

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಹಿಂದೆ ಹೇಳಿದ್ದು ಅಂತ ಬರೆದಿದ್ದೀಯ. ಯಾರು ಹೇಳಿದ್ದು ಅಂತ ಬರೆದಿಲ್ಲ."

ಪಕ್ಕದ ಕೋಣೆಯಲ್ಲಿ ಮೆಷಿನ್ನು ಗಡಗಡ ಓಡುತ್ತಿತ್ತು. ಒಂಬತ್ತು ವರ್ಷದ ಹಿಂದೆ, ತಮ್ಮನನ್ನು ಸೇರಿಸಿದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನೇ ಕಿರುಚಿದ್ದೆ. ಯಾವಾಗ ನೋಡಿದ್ರೂ ಶಾಲೆ, ಪೇಪರ್ ತಿದ್ದೋದು, ಅವನನ್ನ ಒಂದು ದಿನ ಮಡಿಲಲ್ಲಿ ಕೂರಿಸ್ಕೊಂಡೆಯಾ? ನಿನ್ನಿಂದ್ಲೇ ಅವನು ಹೀಗಾದ. ಆ ಮಾತನ್ನು ನಾನು ಯಾವತ್ತೂ ಹಿಂತೆಗೆದುಕೊಂಡಿರಲಿಲ್ಲ. ಪ್ರೊಫೆಸರರ ವಾಕ್ಯ ಅವಳಿಗೆ ಹೊಸದೇ ಆಗಿರಲಿಲ್ಲ. ನಾನು ಹೇಳಿದ್ದು ನಿಜವೆಂದು ಒಂದು ಪುಸ್ತಕವೂ ಹೇಳಿತು, ಅಷ್ಟೇ.

ಅಮ್ಮ ಹಸ್ತಪ್ರತಿಯನ್ನು ನನ್ನ ಕಡೆ ತಳ್ಳಿದಳು. ನನ್ನ ಮುಂದಿದ್ದ ಪ್ರೂಫನ್ನೂ ಕೆಂಪು ಪೆನ್ನನ್ನೂ ತಾನು ತೆಗೆದುಕೊಂಡಳು. "ನೀನು ಓದು. ನಾನು ನೋಡ್ತೀನಿ."

ಓದಿದೆ. "ತಾಯಿ ಇದಕ್ಕೆ ಕಾರಣಳಲ್ಲ, ಪೂರ್ಣವಿರಾಮ. ಹಾಗೆಂದು ಹಿಂದೆ ನಾನು ಹೇಳಿದ್ದು ತಪ್ಪು, ಪೂರ್ಣವಿರಾಮ."

"ಮೂಲದಲ್ಲಿ 'ನಾನು' ಇಲ್ಲ," ಎಂದಳು ತಲೆಯೆತ್ತದೆ.

"ಇದೆ ಅಮ್ಮ," ಎಂದೆ. "ಮೂಲದಲ್ಲೇ ಇದೆ."

ಅಮ್ಮ ಆ ಸಾಲಿನ ಅಂಚಿನಲ್ಲಿ ಸರಿ ಎಂದು ಗುರುತು ಹಾಕಿ, ಪರ್ಸಿನಿಂದ ಭಾನುವಾರದ ಟಿಕೆಟ್ಟು ತೆಗೆದು ಆ ಪುಟಕ್ಕೆ ಗುರುತಾಗಿ ಹಾಳೆಗಳ ನಡುವೆ ಇಟ್ಟಳು.