ಹಾಸಿಗೆ ಅಂಗಡಿಯ ಸ್ವಪ್ನಾಚಾರ್ಯರು

ಅಪ್ಪನದು ಹಾಸಿಗೆ ಅಂಗಡಿ. ಹತ್ತಿ, ನಾರು, ಫೋಮು, ಎಲ್ಲ ಬಗೆಯವೂ ಸಿಗುತ್ತಿದ್ದವು. ಜೊತೆಗೆ ಕನಸಿನ ಅರ್ಥ ಪುಕ್ಕಟೆ. ಕನಸಿನಲ್ಲಿ ಹಲ್ಲು ಬಿದ್ದವರಿಗೆ, ಆನೆ ಏರಿದವರಿಗೆ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ದಕ್ಷಿಣಕ್ಕೆ ಹೊರಟವರಿಗೆ ಅಪ್ಪ ಶಾಸ್ತ್ರ ಹೇಳುತ್ತಿದ್ದರು. ಕನಸು ತೀರಾ ಕೆಟ್ಟದ್ದಾಗಿದ್ದರೆ ಹಾಸಿಗೆ ಬದಲಾಯಿಸಬೇಕೆಂದೂ ಶಾಸ್ತ್ರದಲ್ಲಿತ್ತು. ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ. ಬೀದಿಯವರು ಅವರನ್ನು ಸ್ವಪ್ನಾಚಾರ್ಯರು ಎನ್ನುತ್ತಿದ್ದರು. ಅದು ಗೌರವವೋ ಲೇವಡಿಯೋ ಎಂದು ಅಪ್ಪ ವಿಚಾರಿಸಲು ಹೋಗಲಿಲ್ಲ.

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು, ಬಂದವರನ್ನು ದನಿಯಿಂದ ಗುರುತಿಸುತ್ತಿದ್ದಳು. "ಇನ್ನೂ ತಡ ಮಾಡಿದ್ರೆ ಕಷ್ಟ" ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಕೆಲವು ವಾರ ಒಲೆಯ ಹತ್ತಿರ ಸುಳಿಯಬಾರದು ಎಂದೂ ಅಂದರು. ಈ ಎರಡನೆಯ ಮಾತನ್ನು ಅಪ್ಪ ಬಹಳ ಗಮನವಿಟ್ಟು ಕೇಳಿಸಿಕೊಂಡರು.

ನಾನು ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬಂದೆ. ಮರುದಿನ ಅಪ್ಪ ಕಾಫಿ ಲೋಟ ಹಿಡಿದು ಗಂಭೀರರಾದರು.

"ಬೆಳಗಿನ ಜಾವ ಕನಸಲ್ಲಿ ಗುರುಗಳು ಬಂದಿದ್ರು. ತಲೆ ಅಲ್ಲಾಡಿಸಿಬಿಟ್ರು."

"ಹೂಂ ಅಂತಾನೋ, ಬೇಡ ಅಂತಾನೋ?"

"ಬೇಡ ಅಂತ. ಅಷ್ಟೂ ಗೊತ್ತಾಗಲ್ವೇನೆ ನಿಂಗೆ?"

ಇನ್ನೊಂದು ದಿನ ಗೊತ್ತುಮಾಡಿದೆ. ಗುರುಗಳು ಮತ್ತೆ ಬಂದರು, ಅದೇ ಜಾವಕ್ಕೆ. ಈ ಸಲ ಮಾತೂ ಆಡಿದರಂತೆ: "ಅವಳ ಒಳಗಣ್ಣು ತೆರೀತಾ ಇದೆ, ಹೊರಗಣ್ಣಿನ ತಂಟೆಗೆ ಹೋಗಬೇಡ." ಬದುಕಿದ್ದಷ್ಟು ಕಾಲ ಮೌನವ್ರತದಲ್ಲಿದ್ದ ಗುರುಗಳಿಗೆ ಅಪ್ಪನ ಕನಸಿಗೆ ಬಂದ ಮೇಲೆ ನಾಲಿಗೆ ಸಡಿಲವಾಗಿತ್ತು.

ಅಪ್ಪ ಒಪ್ಪದೆ ಅಮ್ಮ ಹೊಸಲು ದಾಟುವವಳಲ್ಲ. ಹೋಗೋಣ ಬಾ ಎಂದು ನಾನೆಷ್ಟು ಗೋಗರೆದರೂ ಸುಮ್ಮನೆ ಕೂತಿರುತ್ತಿದ್ದಳು. ಅವಳ ಆ ಸುಮ್ಮನಿರುವಿಕೆಯನ್ನು ಭಕ್ತಿಯೆಂದು ಅಪ್ಪ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ವಾರಕ್ಕೊಮ್ಮೆ ನಮ್ಮ ನಡುಮನೆಯಲ್ಲಿ ಸತ್ಸಂಗ. ಆ ವಾರ ಪಕ್ಕದ ಮನೆಯ ಮೇಷ್ಟ್ರು ಕೇಳಿದರು: "ಒಳ್ಳೇ ಕನಸು ಬಿದ್ರೆ ಏನು ಮಾಡ್ಬೇಕು ಸ್ವಾಮಿ?"

"ಮತ್ತೆ ಮಲಗಬಾರದು. ಎದ್ದು ಕೂತು ನಾಮಸ್ಮರಣೆ ಮಾಡ್ತಾ ಬೆಳಕು ಹರಿಸಬೇಕು. ಕಣ್ಣು ಮುಚ್ಚಿದ್ರೋ, ಫಲ ಪೂರ್ತಿ ಹೋಯ್ತು."

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು: "ಪೂರ್ತಿ ಹೋಗುತ್ತಾ?"

"ಪೂರ್ತಿ. ಸಾಕ್ಷಾತ್ ಗುರುಗಳೇ ಬಂದಿದ್ರೂ ಅಷ್ಟೆ."

"ಹಾಗಾದ್ರೆ ಆ ಎರಡು ದಿನಾನೂ ಬಿಸಿಲು ಏರೋವರೆಗೆ ಗೊರಕೆ ಹೊಡೀತಿದ್ರಲ್ಲ ನೀವು. ಹಾಲಿನವನು ಬಾಗಿಲು ಬಡಿದೂ ಬಡಿದೂ ಸುಸ್ತಾದ. ಕೊನೆಗೆ ನಾನೇ ತಡವ್ಕೊಂಡು ಹೋಗಿ ತೆಗೆದೆ. ಕಣ್ಣು ಹೋದ್ರೂ ಕಿವಿ ಇದೆಯಲ್ಲ ನಂಗೆ."

ಮೇಷ್ಟ್ರು ನಗು ತಡೆಯಲೆಂದು ಕಾಫಿ ಗುಟುಕರಿಸಿದರು. ಅದು ನೆತ್ತಿಗೆ ಹತ್ತಿತು.

"ಅದು ಗೊರಕೆ ಅಲ್ಲ. ಯೋಗನಿದ್ರೆ" ಎಂದರು ಅಪ್ಪ.

"ಗೋಡೆ ಆಚೆ ನಮ್ಮನೇಗೂ ಕೇಳಿಸ್ತು ಬಿಡಿ, ಆ ಯೋಗ" ಎಂದರು ಮೇಷ್ಟ್ರ ಹೆಂಡತಿ.

ಮರುದಿನ ನಾನೆದ್ದು ಬರುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕಣ್ಣು ಕೆಂಡವಾಗಿತ್ತು.

"ಗುರುಗಳು ಬಂದಿದ್ರು. ಆಪರೇಷನ್ ಮಾಡಿಸು ಅಂದ್ರು. ಆಮೇಲೆ ನಾನು ಮಲಗ್ಲೇ ಇಲ್ಲ."

"ಅದಕ್ಕೆ ಮುಂಚೆ ಮಲಗಿದ್ದು ಯಾವಾಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಮ್ಮ ನನ್ನ ಕಡೆ ತಿರುಗಿದಳು. "ಇವತ್ತೇ ಹೋಗಿ ದಿನ ಹೇಳಿಸ್ಕೊಂಡು ಬಾ ಮಗಳೇ. ಗುರುಗಳು ಮನಸ್ಸು ಬದಲಾಯಿಸೋ ಮುಂಚೆ."

ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಎರಡೂ ಸುಸೂತ್ರವಾದವು. ಸತ್ಸಂಗದವರು ನೋಡಲು ಬಂದರು. ಅಪ್ಪನಿಗೆ ಬೇಕಿದ್ದುದೂ ಅದೇ. ಅಷ್ಟರಲ್ಲಾಗಲೇ ಡಾಕ್ಟರು ನೆಪಮಾತ್ರವಾಗಿದ್ದರು, ಕಣ್ಣು ಕೊಟ್ಟಿದ್ದು ಕನಸು.

"ಬಿಳೀ ಬಟ್ಟೆ ಉಟ್ಟಿದ್ರು," ಅಪ್ಪ ಶುರುಮಾಡಿದರು. "ಮುಖದಲ್ಲಿ ಏನು ಕಳೆ ಅಂತೀರಿ! ಮೆತ್ತಗೆ ನನ್ನ ಹತ್ತಿರ ಬಂದು..."

ಅಮ್ಮ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಪ್ಪನ ಮುಖವನ್ನೇ ನೋಡತೊಡಗಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಅಪ್ಪ ತಮ್ಮ ಕನಸುಗಳನ್ನೆಲ್ಲ ಮಂಜು ಕವಿದ ಎರಡು ಕಣ್ಣುಗಳ ಎದುರು ಹೇಳಿಕೊಂಡು ಬಂದಿದ್ದರು.

"ಹತ್ತಿರ ಬಂದು... ಕೈ ಎತ್ತಿ..."

"ಎತ್ತಿ?" ಎಂದರು ಮೇಷ್ಟ್ರು.

ಅಪ್ಪನ ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಕೂತವರಲ್ಲೊಬ್ಬರು ಕಣ್ಣೊರೆಸಿಕೊಂಡು, "ಭಾವಪರವಶರಾಗಿಬಿಟ್ರು ಪಾಪ" ಎಂದು ಕೈಮುಗಿದರು. ಉಳಿದವರೂ ಮುಗಿದರು.

ಅಮ್ಮ ಕಣ್ಣು ಕದಲಿಸಲಿಲ್ಲ.