ಎರಡನೇ ಬ್ಲಾಕಿನ ಸೊಪ್ಪು

"ನಿನ್ನೆ ಬೆಳಿಗ್ಗೆ ಎರಡನೇ ಬ್ಲಾಕಿಗೆ ಕಳೆನಾಶಕ ಹೊಡೆಸಿದ್ದೀವಿ. ಅಲ್ಲಿಂದ ಯಾರೂ ಸೊಪ್ಪು ಕುಯ್ಯಬೇಡಿ," ಎಂದು ಕಾಫಿ ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರ್ ಲೋಕೇಶ್ ಹೇಳಿದ. ನಿನ್ನೆ ಸಂಜೆ ನಾನು ಮಡಿಲು ತುಂಬ ಸೊಪ್ಪು ಕುಯ್ದದ್ದು ಅಲ್ಲೇ.

"ನಾನು ಕುಯ್ದೆ ಅಣ್ಣ. ಸಾರು ಮಾಡಿ ಮಗೂಗೂ ಬಡಿಸ್ದೆ."

"ಅಯ್ಯೋ ಕುಸುಮಾ! ಮರಕ್ಕೆ ಕೆಂಪು ಬಟ್ಟೆ ಕಟ್ಟಿದ್ನಲ್ಲ, ನೋಡ್ಲಿಲ್ವಾ?"

ನೋಡಿದ್ದೆ. ಕೊಂಬೆ ಕಡಿಯಬೇಕಾದ ಮರಕ್ಕೆ ಗುರುತು ಕಟ್ಟಿದ್ದಾರೆ ಅಂದುಕೊಂಡೆ. ಶಿರಂಗಾಲದ ಹೊಲದಲ್ಲಿ ಬೆಳೆದವಳು ನಾನು, ಚೆಟ್ಟಳ್ಳಿಯಲ್ಲಿ ತೋಟದ ಕೂಲಿಗಳ ಈ ಲೈನ್ ಮನೆಗೆ ಬಂದು ಎರಡೇ ತಿಂಗಳು. ಗೊತ್ತಿಲ್ಲದ್ದನ್ನು ಕೇಳಬೇಕಿತ್ತು. ನನ್ನದೋ ಯಾರನ್ನೂ ಕೇಳುವ ಜಾಯಮಾನವಲ್ಲ. ಹಾಳು ಜಂಬ!

ಲೋಕೇಶ್ ಜೀಪು ತರಲು ಓಡಿದ. ನಾನು ಮನೆಗೆ ಓಡಿದೆ. ಬೆಳಿಗ್ಗೆಯಿಂದ ಗಂಟಲು ಉರಿಯುತ್ತಿತ್ತು. ಸಾರಿಗೆ ಮೆಣಸಿನಕಾಯಿ ಹೆಚ್ಚಾಯಿತೆಂದು ಅದನ್ನೇ ಬೈದುಕೊಂಡಿದ್ದೆ. ಈಗ ಅದರ ನೆನಪೂ ಇರಲಿಲ್ಲ. ಕಣ್ಣ ಮುಂದೆ ಇದ್ದದ್ದು ಅಶ್ವಿತಾ ಒಬ್ಬಳೇ. ಮೂರನೇ ಕ್ಲಾಸಿನ ಹುಡುಗಿ. ಮೈಯಲ್ಲಿ ರಕ್ತ ಕಮ್ಮಿ, ಸೊಪ್ಪು ತಿನ್ನಿಸಿ ಎಂದು ಶಾಲೆಗೆ ಬಂದ ನರ್ಸ್ ಹೇಳಿದ ದಿನದಿಂದ ಗಣಿಕೆ, ಅಣ್ಣೆ, ಹೊನಗನ್ನೆ ಎಂದು ಸಿಕ್ಕಿದ್ದನ್ನೆಲ್ಲ ಬೇಯಿಸಿ ಅವಳ ಬಾಯಿಗೆ ತುರುಕುತ್ತಿದ್ದೆ. ನಿನ್ನೆ ನಾನು ನಲ್ಲಿಯಿಂದ ನೀರು ತರುವಷ್ಟರಲ್ಲಿ ಅವಳ ತಟ್ಟೆ ಖಾಲಿಯಾಗಿತ್ತು. ಎಷ್ಟು ಹೊಗಳಿದ್ದೆ!

ಅವಳು ಬಾಗಿಲಲ್ಲೇ ನಿಂತಿದ್ದಳು.

"ಅಮ್ಮಾ, ಉಚ್ಚೆ ಕೆಂಪಗೆ ಬಂತು."

ಇದ್ದಷ್ಟು ರಕ್ತವೂ ಹೋಗುತ್ತಿದೆ, ನನ್ನ ಕೈಯಾರೆ ಕೊಂದೆ ಎಂದುಕೊಂಡೆ. "ಹೊಟ್ಟೆ ನೋಯುತ್ತಾ? ವಾಂತಿ ಬರುತ್ತಾ?" ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ. ನನ್ನ ಮುಖ ನೋಡಿಯೇ ಮಗು ಅಳತೊಡಗಿತು. ಸೊಂಟಕ್ಕೆ ಎತ್ತಿಕೊಂಡು ಕೂಗುತ್ತಾ ಅಂಗಳಕ್ಕೆ ಇಳಿದೆ.

ಪಕ್ಕದ ಮನೆಯ ಬೆಳ್ಳಮ್ಮ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡು, "ನಿಲ್ಲು ಮಾರಾಯ್ತಿ," ಎಂದಳು. "ನಿನ್ನೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಲ್ವಾ? ಮದ್ದು ಸೊಪ್ಪಿನ ಪಾಯಸ ಮಾಡಿದ್ದೆ. ವರ್ಷಕ್ಕೊಂದು ದಿನ ನಾವೆಲ್ಲ ತಿನ್ನೋದು. ನಿನ್ನ ಮಗಳು ಎರಡು ಬಟ್ಟಲು ಕುಡಿದಳು. ಅದು ತಿಂದೋರಿಗೆಲ್ಲ ಮಾರನೇ ದಿನ ಕೆಂಪಗೇ ಹೋಗೋದು. ನನಗೂ ಹಾಗೇ ಆಗಿದೆ."

"ಅದಿರ್ಲಿ ಅಕ್ಕಾ, ನನ್ನ ಸಾರೂ ತಿಂದಿದ್ದಾಳಲ್ಲ!"

ಅಶ್ವಿತಾ ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. "ನಾನ್ ತಿನ್ಲಿಲ್ಲಮ್ಮ. ಒಂಚೂರೂ ತಿನ್ಲಿಲ್ಲ. ಪಾಯಸ ತಿಂದು ಹೊಟ್ಟೆ ತುಂಬಿತ್ತು. ನೀನು ನೀರಿಗೆ ಹೋದಾಗ ವಾಪಸ್ ಪಾತ್ರೆಗೇ ಸುರಿದ್ಬಿಟ್ಟೆ. ಹೊಡೀಬೇಡ."

ಹೊಡೆಯುವುದೇ? ಅಳುತ್ತ ನಗುತ್ತ ಅವಳ ಕೆನ್ನೆಗೆಲ್ಲ ಮುತ್ತು ಕೊಟ್ಟೆ. ಜೀವನದಲ್ಲಿ ಯಾವ ಸುಳ್ಳೂ ನನಗೆ ಇಷ್ಟು ಸಿಹಿಯಾಗಿರಲಿಲ್ಲ.

ಬೆಳ್ಳಮ್ಮ ಮಾತ್ರ ನಗಲಿಲ್ಲ.

"ಆ ಪಾತ್ರೆಯಲ್ಲಿದ್ದ ಸಾರು ಏನಾಯ್ತು ಕುಸುಮಾ?"

ಸಾರು ಉಳಿದಿದೆಯಲ್ಲ, ಬಿಸಾಡುವುದೇಕೆ ಎಂದು ಮುದ್ದೆಯಲ್ಲಿ ತಳ ಬಳಿದು ನಾನೇ ತಿಂದಿದ್ದೆ. ಉಗುಳು ನುಂಗಲು ನೋಡಿದೆ. ಗಂಟಲು ಸುಟ್ಟಂತಾಯಿತು. ಅದು ಮೆಣಸಿನಕಾಯಿಯ ಉರಿಯಲ್ಲ.

ಅಂಗಳದ ಅಂಚಿಗೆ ಜೀಪು ಬಂದು ನಿಂತಿತು. ಬೆಳ್ಳಮ್ಮ ನನ್ನ ಸೊಂಟದಿಂದ ಮಗುವನ್ನು ಬಿಡಿಸಿಕೊಂಡಳು. "ಇವಳನ್ನ ನಾನು ನೋಡ್ಕೊಳ್ತೇನೆ. ನೀನು ಹತ್ತು, ಬೇಗ."

ಜೀಪು ಹತ್ತಿ ಕುಳಿತೆ.

"ಅಮ್ಮಾ, ನಂಗೇನೂ ಆಗಿಲ್ವಲ್ಲ," ಎಂದು ಅಶ್ವಿತಾ ಕೂಗಿದಳು. "ನೀನ್ಯಾಕೆ ಹೋಗ್ತಿದ್ದೀಯಾ?"